ಅಪ್ಪನ ಅಂಬಾಸಿಡರ್‌ಗೆ ಇಂಜೆಕ್ಷನ್ ಹಾಕಿಸಬೇಕು ಅಂತಿದ್ದೇನೆ, ನಮ್ಮ ಕಡೆ ಯಾರಾದರೂ ಮಾಡಿಸಿದ್ದೀರಾ?

ಹದಡಿ ರೋಡ್ ಅಂಬಿ
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 1986ರ ಅಂಬಾಸಿಡರ್ ಮಾರ್ಕ್ 4 ಇದೆ. ಪೆಟ್ರೋಲ್ ಗಾಡಿ, ಅದೇ ಹಳೇ 1489 ಸಿಸಿ ಎಂಜಿನ್. ತಗೊಂಡಾಗ ನಮ್ಮೂರು ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ಅಪ್ಪ ಮಂಡಿಪೇಟೆ ಅಂಗಡಿಗೆ ದಿನಾ ಇದರಲ್ಲೇ ಹೋಗುತ್ತಿದ್ದರು. ಅವರು ತೀರಿಕೊಂಡು ಮೂರು ವರ್ಷ ಆಯ್ತು. ಗಾಡಿ ಮಾರೋದಿಲ್ಲ, ಅದಂತೂ ಖಂಡಿತ.

ತೊಂದರೆ ಹೇಳುತ್ತೇನೆ. ಹೋದ ಭಾನುವಾರ ಅಮ್ಮನನ್ನು ಕರಕೊಂಡು ಚಿತ್ರದುರ್ಗಕ್ಕೆ ಹೊರಟೆ. ಭರಮಸಾಗರದಲ್ಲಿ ಚಹಾ ಕುಡಿಯೋಕೆ ನಿಲ್ಲಿಸಿ ಕಾಲು ಗಂಟೆ ಬಿಟ್ಟು ಸೆಲ್ಫ್ ಹೊಡೆದರೆ ಎಂಜಿನ್ ಹಿಡಿಯಲೇ ಇಲ್ಲ. ಬಾನೆಟ್ ಎತ್ತಿ ನೋಡಿದರೆ ಪೆಟ್ರೋಲ್ ಪಂಪಿನ ಗಾಜಿನ ಬಟ್ಟಲಲ್ಲಿ ಗುಳ್ಳೆ ಏಳುತ್ತಿದೆ, ಅನ್ನದ ಗಂಜಿ ಕುದಿಯೋ ಹಾಗೆ. ಅಮ್ಮ ಟವೆಲ್ ಒದ್ದೆ ಮಾಡಿ ಪಂಪಿನ ಮೇಲೆ ಹಾಕಿದರು. ಅಪ್ಪನೂ ಹಾಗೇ ಮಾಡುತ್ತಿದ್ದರಂತೆ. ನಲವತ್ತು ನಿಮಿಷ ಆದ ಮೇಲೆ ಸ್ಟಾರ್ಟ್ ಆಯ್ತು.

ಬೆಳಿಗ್ಗೆ ಚೋಕ್ ಎಳೆದು ಐದು ನಿಮಿಷ ಕಾಯಬೇಕು. ಊರಲ್ಲಿ ಲೀಟರಿಗೆ 8 ಕಿ.ಮೀ. ದಾಟೋದಿಲ್ಲ. ಪೆಟ್ರೋಲಿಗೆ ಗಾಳಿ ಬೆರೆಸೋ ಕಾರ್ಬೊರೇಟರ್ ಎರಡು ಸಲ ಬಿಚ್ಚಿ ಕಿಟ್ ಹಾಕಿಸಿದ್ದಾಯ್ತು. ಇದನ್ನೆಲ್ಲ ತೆಗೆದು ಹೊಸ ಗಾಡಿಗಳ ಹಾಗೆ ಎಲೆಕ್ಟ್ರಾನಿಕ್ ಫ್ಯೂಯಲ್ ಇಂಜೆಕ್ಷನ್ ಮಾಡಿಸಿದರೆ ಹೇಗೆ? ನಾಲ್ಕು ಸಿಲಿಂಡರಿಗೆ ಪೆಟ್ರೋಲ್ ಚಿಮ್ಮಿಸೋ ನಾಲ್ಕು ಇಂಜೆಕ್ಟರ್, ಅವನ್ನು ನಡೆಸೋ ಕಂಪ್ಯೂಟರ್ ಅಂದರೆ ಒಂದು ಇಸಿಯು. ಗುಜರಿಯಲ್ಲಿ ಮಾರುತಿ ಸಾಮಾನು ಬೇಕಾದಷ್ಟು ಸಿಗುತ್ತೆ ಅಲ್ವಾ?

ಮಂಡಕ್ಕಿ ಪ್ರಿಯ
ಮೊದಲು ಗಾಡಿ ಫೋಟೊ ಹಾಕಿ ಅಣ್ಣಾ.

ಪಾಯಿಂಟ್ಸ್ ಗ್ಯಾಪ್
ಬೇಡ ತಮ್ಮಾ. ನಾನು ಹರಿಹರದಲ್ಲಿ 35 ವರ್ಷ ಇದೇ ಕೆಲಸ ಮಾಡಿದವನು. ಆ ಎಂಜಿನ್ನಿಗೆ ಏನೂ ಆಗಿಲ್ಲ. ಡೆಲ್ಕೊ (ಪ್ಲಗ್ಗುಗಳಿಗೆ ಕರೆಂಟ್ ಹಂಚೋ ಡಿಸ್ಟ್ರಿಬ್ಯೂಟರ್) ಬುಶ್ ಸವೆದಿರುತ್ತೆ, ಅದರೊಳಗಿನ ಪಾಯಿಂಟ್ಸ್ ಗ್ಯಾಪ್ 0.4 ಮಿ.ಮೀ. ಇರಬೇಕಾದ್ದು ಒಂದೊಂದು ಸಲ ಒಂದೊಂದು ತೋರಿಸುತ್ತೆ, ಟೈಮಿಂಗ್ ಅಲ್ಲಾಡುತ್ತೆ. ಎಲ್ಲರೂ ಕಾರ್ಬೊರೇಟರ್ ಮೇಲೆ ತಪ್ಪು ಹಾಕುತ್ತಾರೆ. ಅರ್ಧಕ್ಕರ್ಧ ಕೇಸಿನಲ್ಲಿ ತಪ್ಪು ಕರೆಂಟಿನದ್ದೇ ಆಗಿರುತ್ತೆ. ಡೆಲ್ಕೊದ ಶಾಫ್ಟ್ ಹಿಡಿದು ಅಡ್ಡಡ್ಡ ಅಲ್ಲಾಡಿಸಿ ನೋಡು. ಆಡಿದರೆ ಮೊದಲು ಅದನ್ನು ಸರಿ ಮಾಡಿಸು.

ಎಂಸಿಸಿ ಬಿ ಬ್ಲಾಕ್
ಸಾರ್, ಕಾಲ ಬದಲಾಗಿದೆ. ಈಗ ಬರೋದು 20 ಪರ್ಸೆಂಟ್ ಎಥನಾಲ್ ಬೆರೆಸಿದ ಪೆಟ್ರೋಲ್. ಬರೀ ಪೆಟ್ರೋಲ್ ಆದರೆ ಒಂದು ಪಾಲಿಗೆ 14.7 ಪಾಲು ಗಾಳಿ ಬೇಕು, ಬರೀ ಎಥನಾಲ್‌ಗೆ 9 ಸಾಕು. ಎರಡೂ ಬೆರೆತರೆ ಹದಿಮೂರುವರೆ ಹತ್ತಿರ ಬರುತ್ತೆ. ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಬಿಡೋ ಸಣ್ಣ ತೂತು, ಅಂದರೆ ಹಳೇ ಜೆಟ್, ಹಳೇ ಲೆಕ್ಕದಲ್ಲೇ ಬಿಡುತ್ತೆ, ಹಾಗಾಗಿ ಮಿಶ್ರಣ ಬಡವಾಗುತ್ತೆ (ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ). ಎಂಜಿನ್ ಬಿಸಿ, ಪಿಕಪ್ ಇಲ್ಲ, ಮಿಸ್ಸಿಂಗ್. ಇಂಜೆಕ್ಷನ್ ಇದ್ದರೆ ಸೈಲೆನ್ಸರ್ ಪೈಪಿನ ಆಕ್ಸಿಜನ್ ಸೆನ್ಸರ್ ಅದನ್ನು ನೋಡಿಕೊಂಡು ತಾನೇ ಸರಿ ಮಾಡಿಕೊಳ್ಳುತ್ತೆ.

ಇಸಿಯು ದುಡ್ಡು ಕೊಟ್ಟು ದೊಡ್ಡದು ತರಬೇಕಿಲ್ಲ. ಸ್ಪೀಡುಯಿನೊ ಅಂತ ಇದೆ, ಆರ್ಡುಯಿನೊ ಮೆಗಾ ಬೋರ್ಡ್ ಮೇಲೆ ನಡೆಯುತ್ತೆ. ಕೋಡ್ ಎಲ್ಲರಿಗೂ ತೆರೆದಿದೆ. ನಾವು ಕಾಲೇಜಲ್ಲಿ ಒಂದು ಹಳೇ ಮಾರುತಿ ಎಂಜಿನ್ ಸ್ಟ್ಯಾಂಡ್ ಮೇಲೆ ಕೂರಿಸಿ ಅದರಲ್ಲೇ ಓಡಿಸಿದ್ದೇವೆ.

ಪಾಯಿಂಟ್ಸ್ ಗ್ಯಾಪ್
ಮಿಶ್ರಣ ಬಡವಾದರೆ ಜೆಟ್ ಒಂದು ನಂಬರ್ ದೊಡ್ಡದು ಹಾಕು. ಹತ್ತು ನಿಮಿಷದ ಕೆಲಸ.

ಎಂಸಿಸಿ ಬಿ ಬ್ಲಾಕ್
ಅದೂ ಸರಿ ಸಾರ್. ಆದರೆ ಬಿಸಿ ಎಂಜಿನ್ ಸ್ಟಾರ್ಟ್ ಆಗದ ತೊಂದರೆಗೆ ಜೆಟ್ ಏನೂ ಮಾಡೋದಿಲ್ಲ.

ದುರ್ಗದ ಕಲ್ಲು
ನಾನು ಮಾಡಿಸಿದ್ದೇನೆ. ಇದೇ 1489 ಸಿಸಿ ಎಂಜಿನ್, ನನ್ನದು 1982ರ ಗಾಡಿ. ಎರಡು ವರ್ಷ ಆಯ್ತು, ಚಳ್ಳಕೆರೆ, ಹಿರಿಯೂರು, ಬೆಂಗಳೂರು ಎಲ್ಲ ಓಡಾಡಿದೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ. ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ.

ಮೊದಲನೇ ಮಾತು, ನಾಲ್ಕು ಇಂಜೆಕ್ಟರ್ ಆಸೆ ಬಿಡಿ. ನಿಮ್ಮ ಹೆಡ್ ಬಿಚ್ಚಿ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಹಂಚೋ ಕೊಳವೆ) ಕೂರೋ ಕಡೆ ನೋಡಿದರೆ ಗೊತ್ತಾಗುತ್ತೆ. ಸಿಲಿಂಡರ್ ನಾಲ್ಕು, ಗಾಳಿ ಒಳಗೆ ಹೋಗೋ ತೂತು ಎರಡೇ. ಒಂದು ಮತ್ತು ಎರಡನೇ ಸಿಲಿಂಡರಿಗೆ ಸೇರಿ ಒಂದೇ ತೂತು (ಜೋಡಿ ಪೋರ್ಟ್ ಅನ್ನೋದು ಇದಕ್ಕೇ), ಮೂರು ಮತ್ತು ನಾಲ್ಕಕ್ಕೆ ಇನ್ನೊಂದು. ಇದು ಮಾರಿಸ್ ಆಕ್ಸ್‌ಫರ್ಡ್ ಕಾಲದ ಬಿಎಂಸಿ ಬಿ-ಸೀರೀಸ್ ಹೆಡ್, ಅವರು ಮಾಡಿದ್ದೇ ಹಾಗೆ.

ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳು ಕೆಲಸ ಮಾಡೋ ಸರದಿ) 1-3-4-2. ಅಂದರೆ ಎರಡನೇ ಸಿಲಿಂಡರ್ ಉಸಿರು ಎಳೆದ ಮೇಲೆ ತಕ್ಷಣ ಒಂದನೇದು ಎಳೆಯುತ್ತೆ. ಆಮೇಲೆ ಆ ಪೋರ್ಟ್ ಸುಮ್ನೆ ಇರುತ್ತೆ. ಆ ಕಡೆ ಮೂರನೇದು ಎಳೆದ ಬೆನ್ನಿಗೇ ನಾಲ್ಕನೇದು. ಒಂದರ ವಾಲ್ವ್ ಪೂರ್ತಿ ಮುಚ್ಚೋ ಮೊದಲೇ ಪಕ್ಕದ್ದು ತೆರೆಯುತ್ತೆ. ಆ ಪೋರ್ಟಿನಲ್ಲಿ ಇಂಜೆಕ್ಟರ್ ಇಟ್ಟು ಪೆಟ್ರೋಲ್ ಚಿಮ್ಮಿಸಿದರೆ ಒಬ್ಬನ ತಟ್ಟೆಯ ಊಟ ಇನ್ನೊಬ್ಬ ತಿಂದ ಹಾಗೆ. ನನ್ನ ಗಾಡಿಯಲ್ಲಿ ಮೊದಲ ಸಲ ಹಾಗೇ ಮಾಡಿಸಿದ್ದೆ. ಪ್ಲಗ್ ಬಿಚ್ಚಿ ಸಾಲಾಗಿ ಪೇಪರ್ ಮೇಲೆ ಇಟ್ಟೆ. ಎರಡು ಮಸಿ ಹಿಡಿದು ಕಪ್ಪು. ಎರಡು ಸುಣ್ಣದ ಹಾಗೆ ಬಿಳಿ. ಬಿಳಿ ಆದ ಸಿಲಿಂಡರಿನ ವಾಲ್ವ್ ಸುಡುತ್ತೆ, ಸಂಶಯ ಬೇಡ. ಆ ಕೆಲಸವನ್ನು ಪೂರ್ತಿ ಬಿಚ್ಚಿಸಿದೆ. ಮೂರು ತಿಂಗಳ ಸಂಬಳ ಹೋಯ್ತು.

ಎರಡನೇ ಸಲ ಸರಿ ಆಯ್ತು. ಹಳೇ ಮ್ಯಾನಿಫೋಲ್ಡ್ ಹಾಗೇ ಬಿಟ್ಟು, ಕಾರ್ಬೊರೇಟರ್ ಕೂರೋ ಜಾಗದಲ್ಲಿ ಒಂದು ಅಲ್ಯೂಮಿನಿಯಂ ಬ್ಲಾಕ್. ಅದರಲ್ಲಿ ಎರಡು ಇಂಜೆಕ್ಟರ್. ಅದರ ಮೇಲೆ ಎಂಪಿಎಫ್‌ಐ (ಇಂಜೆಕ್ಷನ್ ಇರೋ) ಮಾರುತಿ 800ರ ಥ್ರಾಟಲ್ ಬಾಡಿ, ಅಂದರೆ ಗಾಳಿ ಬಿಡೋ ಬಾಗಿಲು. ಪೆಟ್ರೋಲ್ ಒಂದೇ ಜಾಗದಲ್ಲಿ ಬೀಳುತ್ತೆ, ಆಮೇಲೆ ಕಾರ್ಬೊರೇಟರ್ ಇದ್ದಾಗ ಹೇಗೆ ಹಂಚಿಕೊಳ್ಳುತ್ತಿದ್ದವೋ ಹಾಗೇ ಹಂಚಿಕೊಳ್ಳುತ್ತವೆ. ಈಗ ನಾಲ್ಕೂ ಪ್ಲಗ್ ಬಿಸ್ಕತ್ತಿನ ಬಣ್ಣ.

ಪದ್ಮಿನಿ 1089
ಇದು ನಿಜ. ಇಂಗ್ಲೆಂಡಿನ ಮಿನಿ ಕಾರಿಗೂ ಇದೇ ಜೋಡಿ ಪೋರ್ಟ್. 1990ರ ದಶಕದಲ್ಲಿ ರೋವರ್‌ನವರು ಅದಕ್ಕೆ ಇಂಜೆಕ್ಷನ್ ಹಾಕಿದಾಗ ಮೊದಲು ಮಾಡಿದ್ದು ಒಂದೇ ಇಂಜೆಕ್ಟರಿನ ಥ್ರಾಟಲ್ ಬಾಡಿ. ಪೋರ್ಟಿಗೊಂದು ಇಂಜೆಕ್ಟರ್ ಬಂದಿದ್ದು ಆಮೇಲೆ, ಅದೂ ಟೈಮಿಂಗ್ ಲೆಕ್ಕ ಹಾಕಿ. ಕಂಪನಿಯವರೇ ಮೊದಲು ಸುಲಭದ ದಾರಿ ಹಿಡಿದಿದ್ದಾರೆ ಅಂದರೆ ನಾವೂ ಅದನ್ನೇ ಹಿಡಿಯೋದು ಒಳ್ಳೇದು.

ಹದಡಿ ರೋಡ್ ಅಂಬಿ
ದುರ್ಗದ ಕಲ್ಲು ಅಣ್ಣಾ, ಪೋರ್ಟ್ ವಿಷಯ ನನಗೆ ಗೊತ್ತೇ ಇರಲಿಲ್ಲ. ನೀವು ಹೇಳದಿದ್ದರೆ ನಾನೂ ದುಡ್ಡು ಸುರಿಯುತ್ತಿದ್ದೆ. ಇಂಜೆಕ್ಟರ್ ಎಷ್ಟು ದೊಡ್ಡದು ಬೇಕು?

ಎಂಸಿಸಿ ಬಿ ಬ್ಲಾಕ್
ಲೆಕ್ಕ ಸುಲಭ. ಎಂಜಿನ್ ಸುಮಾರು 50 ಎಚ್‌ಪಿ ಅಂತ ಇಟ್ಟುಕೊಳ್ಳಿ. ಪೂರ್ತಿ ಒತ್ತಿದಾಗ ನಿಮಿಷಕ್ಕೆ ಹೆಚ್ಚುಕಮ್ಮಿ 260 ಸಿಸಿ ಪೆಟ್ರೋಲ್ ಬೇಕು. ಇಂಜೆಕ್ಟರ್ ಯಾವಾಗಲೂ ತೆರೆದೇ ಇರಬಾರದು, 80 ಪರ್ಸೆಂಟ್ ಸಾಕು. ಹಾಗಾಗಿ ಒಟ್ಟು 330 ಸಿಸಿ. ಎರಡು ಇಂಜೆಕ್ಟರ್ ಆದರೆ ಒಂದೊಂದು 165. ಎಥನಾಲ್ ಇರೋದರಿಂದ 180 ಇದ್ದರೆ ಆರಾಮ. ತುಂಬಾ ದೊಡ್ಡದು ಹಾಕಿದರೆ ಐಡ್ಲಿಂಗ್‌ನಲ್ಲಿ ಹದ ಸಿಗೋದಿಲ್ಲ.

ಮಂಡಕ್ಕಿ ಪ್ರಿಯ
ಅದರ ಬದಲು ಇಸುಜು ಎಂಜಿನ್ ಕೂರಿಸಿಬಿಡಿ. ಕೊನೆಗೆ ಬಂದ ಅಂಬಾಸಿಡರ್‌ಗಳಲ್ಲಿ 1.8 ಲೀಟರ್ ಎಂಪಿಎಫ್‌ಐ ಇತ್ತಲ್ಲ. ಕಂಪನಿಯದ್ದೇ ಇಂಜೆಕ್ಷನ್.

ಜೋಗಿಮಟ್ಟಿ ಗಾಳಿ
ಎಂಜಿನ್ ನಂಬರ್ ಬದಲಾದರೆ ಆರ್‌ಸಿಯಲ್ಲಿ ಬದಲಾಯಿಸಬೇಕು, ಅದಕ್ಕೆ ಮೊದಲೇ ಒಪ್ಪಿಗೆ ಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿ ಮಾರ್ಪಾಡಿನ ಬಗ್ಗೆನೇ ಇರೋದು. ಸುಮ್ನೆ ಕೂರಿಸಿ ಓಡಿಸೋ ಕಾಲ ಅಲ್ಲ ಇದು. ಎಫ್‌ಸಿಗೆ ಹೋದಾಗ ಸಿಕ್ಕಿಬೀಳುತ್ತೀರಿ.

ಇನ್ನೊಂದು ಯೋಚನೆ ಮಾಡಿ. 2021ರಲ್ಲಿ ವಿಂಟೇಜ್ ಗಾಡಿಗಳಿಗೆ ಬೇರೆ ನಿಯಮ ಬಂದಿದೆ, ಅದಕ್ಕೆ ‘ವಿಎ’ ಅಂತ ಬೇರೆ ನಂಬರ್ ಸೀರೀಸೇ ಇದೆ. ಮೊದಲ ರಿಜಿಸ್ಟ್ರೇಶನ್ ಆಗಿ 50 ವರ್ಷ ದಾಟಿರಬೇಕು, ಗಾಡಿ ಮೂಲ ರೂಪದಲ್ಲಿರಬೇಕು, ಎಂಜಿನ್‌ನಲ್ಲಿ ದೊಡ್ಡ ಮಾರ್ಪಾಡು ಇರಬಾರದು. ನಿಮ್ಮ ಗಾಡಿಗೆ 2036ಕ್ಕೆ ಐವತ್ತು ತುಂಬುತ್ತೆ. ಆಗ ಬೇಕು ಅನ್ನಿಸಿದರೆ?

ದುರ್ಗದ ಕಲ್ಲು
ಜೋಗಿಮಟ್ಟಿಯವರ ಮಾತು ನೂರಕ್ಕೆ ನೂರು ಸರಿ. ಅದಕ್ಕೇ ನಾನು ಗಾಡಿಯಲ್ಲಿ ಒಂದು ತೂತೂ ಕೊರೆಸಿಲ್ಲ. ಕಾರ್ಬೊರೇಟರ್, ಮೆಕ್ಯಾನಿಕಲ್ ಪಂಪ್, ಏರ್ ಫಿಲ್ಟರ್ ಡಬ್ಬ, ಚೋಕ್ ಕೇಬಲ್, ಪೈಪು ಎಲ್ಲ ಎಣ್ಣೆ ಸವರಿ ಒಂದು ಟ್ರಂಕಿನಲ್ಲಿ ಇಟ್ಟಿದ್ದೇನೆ. ವೈರಿಂಗ್ ಕೂಡ ಬೇರೆಯೇ, ಹಳೇ ಹಾರ್ನೆಸ್‌ನಲ್ಲಿ ಒಂದು ತಂತಿಯನ್ನೂ ಕತ್ತರಿಸಿಲ್ಲ. ಒಂದು ಶನಿವಾರ ಕೂತರೆ ಗಾಡಿ ವಾಪಸ್ 1982ಕ್ಕೆ ಹೋಗುತ್ತೆ. ಯಾರೇ ಮಾಡಿಸಿದರೂ ಹೀಗೇ ಮಾಡಿಸಿ. ವಾಪಸ್ ಹಾಕೋಕೆ ಬರದ ಕೆಲಸವನ್ನು ಅಪ್ಪನ ಗಾಡಿಗೆ ಮಾಡಬಾರದು.

ಮತ್ತೆ ಆರ್‌ಟಿಒದಲ್ಲಿ ಬಾಯಿಮಾತಿಗೆ ಕೇಳಬೇಡಿ. ಅರ್ಜಿ ಬರೆದು ಕೊಟ್ಟು, ಉತ್ತರವನ್ನೂ ಬರಹದಲ್ಲೇ ತಗೊಳ್ಳಿ.

ಶಾಮನೂರು ಅಕ್ಕ
ನಮ್ಮ ಮಾವನವರದ್ದು ಫಿಯೆಟ್ ಇತ್ತು. ಮದುವೆ ಆದ ವರ್ಷ ಅದರಲ್ಲೇ ಗಾಡಿ ಕಲಿತೆ, ಸ್ಟೀರಿಂಗ್ ಪಕ್ಕದ ಗೇರ್ ಹಿಡಿದು. ಏಪ್ರಿಲ್‌ನಲ್ಲಿ ಪಿ.ಬಿ. ರೋಡಲ್ಲಿ ನಿಂತರೆ ಅದೂ ಹೀಗೇ ಹಟ ಹಿಡಿಯುತ್ತಿತ್ತು. ಡಿಕ್ಕಿಯಲ್ಲಿ ಯಾವಾಗಲೂ ಒಂದು ಗೋಣಿಚೀಲದ ತುಂಡು, ಒಂದು ಬಾಟಲಿ ನೀರು. ಅಂಬಿ ಅವರ ಅಮ್ಮ ಟವೆಲ್ ಹಾಕಿದ್ದು ಓದಿ ಕಣ್ಣಲ್ಲಿ ನೀರು ಬಂತು.

ಹದಡಿ ರೋಡ್ ಅಂಬಿ
ಅಕ್ಕಾ, ಅಮ್ಮನಿಗೆ ಓದಿ ಹೇಳಿದೆ. ತುಂಬಾ ಖುಷಿ ಆಯ್ತು ಅವರಿಗೆ.

ಪದ್ಮಿನಿ 1089
ಈ ವೇಪರ್ ಲಾಕ್ (ಪೆಟ್ರೋಲ್ ಕಾವಿಗೆ ಆವಿಯಾಗಿ ಗಾಡಿ ಹಿಡಿಯದಿರೋದು) ಬಗ್ಗೆ ಒಂದು ಮಾತು. ಅಂಬಾಸಿಡರ್ ಎಂಜಿನ್ನಿನಲ್ಲಿ ಕಾರ್ಬೊರೇಟರ್ ಮತ್ತು ಎಕ್ಸಾಸ್ಟ್ ಮ್ಯಾನಿಫೋಲ್ಡ್ ಎರಡೂ ಒಂದೇ ಮಗ್ಗುಲಲ್ಲಿವೆ. ಕಾರ್ಬೊರೇಟರ್ ಕೂತಿರೋದೇ ಒಲೆಯ ಮೇಲೆ. ಓಡುವಾಗ ಗಾಳಿ ಬೀಸಿ ತಣ್ಣಗಿರುತ್ತೆ. ನಿಲ್ಲಿಸಿದ ತಕ್ಷಣ ಕೆಳಗಿನ ಕಾವೆಲ್ಲ ಮೇಲೇರಿ ಕಾರ್ಬೊರೇಟರಿನ ಬಟ್ಟಲು, ಅಂದರೆ ಫ್ಲೋಟ್ ಚೇಂಬರಿನ ಪೆಟ್ರೋಲ್ ಕುದಿಯುತ್ತೆ. ಎಥನಾಲ್ ಬೆರೆತ ಮೇಲೆ ಇನ್ನೂ ಬೇಗ. ಇಂಜೆಕ್ಷನ್ನಿನಲ್ಲಿ ಲೈನಿನ ಒತ್ತಡ 3 ಬಾರ್ ಹತ್ತಿರ ಇರುತ್ತೆ, ಮೆಕ್ಯಾನಿಕಲ್ ಪಂಪಿನದ್ದು ಅದರ ಹತ್ತರಲ್ಲೊಂದು ಪಾಲೂ ಇಲ್ಲ. ಒತ್ತಡ ಜಾಸ್ತಿ ಇದ್ದರೆ ಪೆಟ್ರೋಲ್ ಸುಲಭವಾಗಿ ಕುದಿಯೋದಿಲ್ಲ. ಜೊತೆಗೆ ರಿಟರ್ನ್ ಪೈಪಿನಲ್ಲಿ ಯಾವಾಗಲೂ ಟ್ಯಾಂಕಿಗೆ ವಾಪಸ್ ಹರಿಯುತ್ತಾ ಇರುತ್ತೆ. ಭರಮಸಾಗರದ ತೊಂದರೆಗೆ ಸರಿಯಾದ ಮದ್ದು ಅದೇ.

ಪಾಯಿಂಟ್ಸ್ ಗ್ಯಾಪ್
ಕಾರ್ಬೊರೇಟರ್ ಅಡಿಗೆ ದಪ್ಪ ಬೇಕಲೈಟ್ ಪ್ಯಾಕಿಂಗ್ ಹಾಕು. ಪೈಪನ್ನು ಎಕ್ಸಾಸ್ಟ್‌ನಿಂದ ದೂರ ಎಳಿ. ಟ್ಯಾಂಕ್ ಹತ್ತಿರ ಕಮ್ಮಿ ಒತ್ತಡದ ಕರೆಂಟ್ ಪಂಪ್ ಕೂರಿಸು. ಇಷ್ಟಕ್ಕೇ ಮುಕ್ಕಾಲು ತೊಂದರೆ ಹೋಗುತ್ತೆ ಅಂತ ನಾನು ಬರೆದು ಕೊಡುತ್ತೇನೆ.

ದುರ್ಗದ ಕಲ್ಲು
ಗ್ಯಾಪ್ ಸಾರ್, ನೀವು ಹೇಳಿದ್ದು ನಿಜ, ಅದನ್ನು ಮೊದಲು ಮಾಡಲೇಬೇಕು. ಡೆಲ್ಕೊ ಆಡುತ್ತಿದ್ದರೆ ಇಂಜೆಕ್ಷನ್ ಹಾಕಿದರೂ ಮಿಸ್ಸಿಂಗ್ ಹೋಗೋದಿಲ್ಲ. ನಾನು ಬುಶ್ ಹಾಕಿಸದೆ ಟ್ಯೂನಿಂಗ್‌ಗೆ ಕೂತು ಹದಿನೈದು ದಿನ ಹಾಳು ಮಾಡಿಕೊಂಡೆ. ಲ್ಯಾಪ್‌ಟಾಪ್‌ನಲ್ಲಿ ಆರ್‌ಪಿಎಂ ಗೆರೆ ಗರಗಸದ ಹಲ್ಲಿನ ಹಾಗೆ ಮೇಲೆ ಕೆಳಗೆ. ಇಸಿಯು ಕೆಟ್ಟಿದೆ ಅಂದುಕೊಂಡೆ. ತಪ್ಪು ಪಾಯಿಂಟ್ಸ್‌ದು. ಆಮೇಲೆ ಕ್ರ್ಯಾಂಕ್ ಪುಲ್ಲಿಗೆ 36-1 ಹಲ್ಲಿನ ಚಕ್ರ (36 ಹಲ್ಲಿನ ಜಾಗದಲ್ಲಿ ಒಂದು ಬಿಟ್ಟದ್ದು) ಕೂರಿಸಿ, ತಿರುಗೋದನ್ನು ಎಣಿಸೋ ಸೆನ್ಸರ್ ಹಾಕಿಸಿದೆ. ಚಕ್ರಕ್ಕೂ ಸೆನ್ಸರಿಗೂ ನಡುವೆ ಒಂದು ಮಿ.ಮೀ. ಸಂದು. ಗೆರೆ ನೇರ ಆಯ್ತು.

ಹರಿಹರ ಲೇತ್
ಆ ಅಲ್ಯೂಮಿನಿಯಂ ಬ್ಲಾಕ್ ಮತ್ತು ಹಲ್ಲಿನ ಚಕ್ರ ಎರಡೂ ನಾನು ಮಾಡಿಕೊಡುತ್ತೇನೆ. ನಮ್ಮಪ್ಪ ಮೈಸೂರು ಕಿರ್ಲೋಸ್ಕರ್‌ನಲ್ಲಿದ್ದರು. ಇಲ್ಲೇ ಹರಿಹರದಲ್ಲಿ ಮಾಡಿದ ಲೇತ್ ನಮ್ಮ ಶೆಡ್ಡಿನಲ್ಲಿ ಇವತ್ತೂ ದಿನಾ ತಿರುಗುತ್ತೆ. ಡ್ರಾಯಿಂಗ್ ಇಲ್ಲದಿದ್ದರೂ ನಡೆಯುತ್ತೆ, ಕಾರ್ಬೊರೇಟರ್ ಮತ್ತು ಅದರ ಗ್ಯಾಸ್ಕೆಟ್ ತಂದು ಕೊಡಿ. ಚಕ್ರ ಓಲಾಟ ಇಲ್ಲದೆ ಸಮ ತಿರುಗಬೇಕು ಅಂದರೆ ಪುಲ್ಲಿಯನ್ನೂ ತರಬೇಕು, ಎರಡನ್ನೂ ಒಟ್ಟಿಗೇ ಕಟ್ಟಿ ಮುಖ ಹೊಡೆಯಬೇಕು.

ಮಂಡಕ್ಕಿ ಪ್ರಿಯ
ಹರಿಹರದ ಕಿರ್ಲೋಸ್ಕರ್ ಸೈರನ್ ಕೇಳಿ ನಮ್ಮ ದೊಡ್ಡಪ್ಪ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದರಂತೆ.

ಹರಿಹರ ಲೇತ್
ಹೌದು. ಆ ಕಾರ್ಖಾನೆ ಮುಚ್ಚಿದ್ದು ಇಡೀ ಊರಿಗೇ ನೋವು. ಆ ಕೆಲಸ ಕಲಿತವರು ಇನ್ನೂ ಇದ್ದಾರೆ, ಕೇಳಿಕೊಂಡು ಬರೋರು ಕಮ್ಮಿ.

ಶಾಮನೂರು ಅಕ್ಕ
ಬೆಂಕಿ ಭಯ ಇಲ್ವಾ ಇದರಲ್ಲಿ? ಒತ್ತಡ ಜಾಸ್ತಿ ಅಂದಿರಿ.

ಪದ್ಮಿನಿ 1089
ಇದೆ ಅಕ್ಕಾ, ಅದನ್ನು ಯಾರೂ ಹಗುರವಾಗಿ ತಗೋಬಾರದು. ನನ್ನ ಸ್ನೇಹಿತರ ಗಾಡಿಗೆ ಒಂದು ವರ್ಕ್‌ಶಾಪಿನಲ್ಲಿ ಇಂಜೆಕ್ಷನ್ ಮಾಡಿದ್ದರು. ಹಾಕಿದ್ದು ಕಾರ್ಬೊರೇಟರ್ ಗಾಡಿಯ ಮಾಮೂಲಿ ರಬ್ಬರ್ ಹೋಸು, ಮಾಮೂಲಿ ಕ್ಲಿಪ್ಪು. ಎಂಟು ದಿನಕ್ಕೆ ಹೋಸು ಜಾರಿತು. 3 ಬಾರ್ ಒತ್ತಡದಲ್ಲಿ ಪೆಟ್ರೋಲ್ ಮಂಜಿನ ಹಾಗೆ ಚಿಮ್ಮಿ ಬಾನೆಟ್ ಒಳಗೆಲ್ಲ ಹರಡಿತು. ವಾಸನೆ ಬಂದ ತಕ್ಷಣ ಕೀ ತೆಗೆದರು, ಅದಕ್ಕೆ ಉಳಿದರು. ಆಮೇಲೆ ಆ ಹೋಸನ್ನು ನಾನೇ ಕೈಯಲ್ಲಿ ಹಿಡಿದು ನೋಡಿದೆ. ಒಳಗೆ ಬೆರಳು ಹಾಕಿದರೆ ಕಪ್ಪು ರಬ್ಬರ್ ಪುಡಿ ಪುಡಿಯಾಗಿ ಅಂಟಿಕೊಂಡು ಬಂತು. ಎಥನಾಲ್ ತಿಂದು ಹಾಕಿತ್ತು.

ಹೋಸಿನ ಮೇಲೆ ಆರ್9 (ಇಂಜೆಕ್ಷನ್ ಹೋಸಿನ ದರ್ಜೆ) ಅಂತ ಅಚ್ಚಾಗಿರಬೇಕು. ಕ್ಲಿಪ್ ಇಂಜೆಕ್ಷನ್ನಿಗೆ ಅಂತಲೇ ಬರುತ್ತೆ, ಅಂಚು ಮಡಿಸಿರುತ್ತೆ, ರಬ್ಬರನ್ನು ಕೊಯ್ಯೋದಿಲ್ಲ. ಎಂಜಿನ್ ನಿಂತರೆ ಇಸಿಯು ಎರಡು ಸೆಕೆಂಡಿನಲ್ಲಿ ಪಂಪ್ ರಿಲೇ ಆಫ್ ಮಾಡಬೇಕು. ಅದನ್ನು ನೇರ ಕೀಗೆ ಕೊಟ್ಟುಬಿಟ್ಟರೆ, ಗಾಡಿ ಗುದ್ದಿದಾಗಲೂ ಪಂಪ್ ಪೆಟ್ರೋಲ್ ಸುರಿಯುತ್ತಲೇ ಇರುತ್ತೆ. ಗುದ್ದಿದಾಗ ಕಟ್ ಆಗೋ ಇನರ್ಶಿಯಾ ಸ್ವಿಚ್ ಕೂಡ ಹಾಕಿಸಿ. ಸೀಟಿನ ಹತ್ತಿರ ಒಂದು ಬೆಂಕಿ ಆರಿಸೋ ಸಿಲಿಂಡರ್.

ಎಂಸಿಸಿ ಬಿ ಬ್ಲಾಕ್
ಕರೆಂಟ್ ಲೆಕ್ಕವನ್ನೂ ಸೇರಿಸಿ. ಪಂಪ್ ಒಂದೇ 5-6 ಆಂಪ್ಸ್ ಎಳೆಯುತ್ತೆ. ಗಾಡಿಯಲ್ಲಿ ಇನ್ನೂ ಹಳೇ ಡೈನಮೊ ಇದ್ದರೆ ರಾತ್ರಿ ಹೆಡ್‌ಲೈಟ್ ಹಾಕಿ ಸಿಗ್ನಲ್‌ನಲ್ಲಿ ನಿಂತಾಗ ಬ್ಯಾಟರಿ ಇಳಿಯುತ್ತೆ. ಆಲ್ಟರ್ನೇಟರ್ ಬೇಕು. ಎಂಜಿನ್‌ನಿಂದ ಬಾಡಿಗೆ ದಪ್ಪ ಅರ್ಥ್ ಪಟ್ಟಿಯೂ ಬೇಕು, ಇಲ್ಲದಿದ್ದರೆ ಸೆನ್ಸರ್‌ಗಳು ಸುಳ್ಳು ಹೇಳುತ್ತವೆ.

ಹದಡಿ ರೋಡ್ ಅಂಬಿ
ಆಲ್ಟರ್ನೇಟರ್ ಅಪ್ಪ ಇದ್ದಾಗಲೇ ಹಾಕಿಸಿದ್ದರು. ದುರ್ಗದ ಕಲ್ಲು ಅಣ್ಣಾ, ಮೈಲೇಜ್ ಎಷ್ಟು ಬಂತು, ಖರ್ಚು ಎಷ್ಟಾಯ್ತು, ನೇರವಾಗಿ ಹೇಳಿ.

ದುರ್ಗದ ಕಲ್ಲು
ಮೊದಲ ಸಲದ ತಪ್ಪು ಬಿಟ್ಟು, ಎರಡನೇ ಸಲ 60 ಸಾವಿರದ ಮೇಲೆ ಆಯ್ತು. ಮೈಲೇಜ್ ಊರಲ್ಲಿ 8 ಇದ್ದದ್ದು 10 ಆಗಿದೆ, ಹೈವೇಯಲ್ಲಿ 13. ಪೆಟ್ರೋಲ್ ಉಳಿಸಿ ಆ ದುಡ್ಡು ವಾಪಸ್ ಬರುತ್ತೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಪಿಕಪ್ ಕೂಡ ಭಾರಿ ಏರೋದಿಲ್ಲ, ಎಂಜಿನ್ ಅದೇ ಅಲ್ವಾ.

ಸಿಕ್ಕಿದ್ದು ಬೇರೆ. ಜನವರಿ ಬೆಳಿಗ್ಗೆ ಐದೂವರೆಗೆ ಕೀ ತಿರುಗಿಸಿದರೆ ಮೊದಲ ಸುತ್ತಿಗೇ ಹಿಡಿಯುತ್ತೆ. ಮೇ ತಿಂಗಳಲ್ಲಿ ಐಮಂಗಲದ ಹತ್ತಿರ ಬಿಸಿಲಲ್ಲಿ ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ಹೊರಟರೂ ಅಷ್ಟೇ. ನನ್ನ ಹೆಂಡತಿ ಈಗ ಒಬ್ಬಳೇ ಗಾಡಿ ತಗೊಂಡು ಹೋಗುತ್ತಾಳೆ. ಮೊದಲು ಮುಟ್ಟುತ್ತಿರಲಿಲ್ಲ.

ಟ್ಯೂನಿಂಗ್‌ಗೆ ಮಾತ್ರ ತಾಳ್ಮೆ ಬೇಕು. ಒಬ್ಬರು ಓಡಿಸಬೇಕು, ಇನ್ನೊಬ್ಬರು ಪಕ್ಕದಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತು ಇಸಿಯು ಒಳಗಿನ ಪೆಟ್ರೋಲ್ ಪಟ್ಟಿಯ ಒಂದೊಂದು ಮನೆಯ ಅಂಕಿ ತಿದ್ದಬೇಕು. ನಾವು ಬೆಳಗಿನ ಜಾವ ಹೊಳಲ್ಕೆರೆ ರಸ್ತೆಯಲ್ಲಿ ಮಾಡಿದೆವು. ಮ್ಯಾನಿಫೋಲ್ಡ್ ನಡುವೆ ಎಕ್ಸಾಸ್ಟ್ ಕಾವು ತಾಗೋ ಜಾಗ ಇದೆಯಲ್ಲ, ಅದನ್ನು ಮುಚ್ಚಿಸಬೇಡಿ. ಪೆಟ್ರೋಲ್ ಆವಿ ಆಗೋಕೆ ಆ ಕಾವು ಬೇಕು. ಚಳಿಯಲ್ಲಿ ಅದಿಲ್ಲದಿದ್ದರೆ ಪೆಟ್ರೋಲ್ ಹನಿ ಹನಿಯಾಗಿ ಗೋಡೆಗೆ ಅಂಟುತ್ತೆ.

ಪಾಯಿಂಟ್ಸ್ ಗ್ಯಾಪ್
ಹೆಡ್ ಬಿಚ್ಚೋ ಪ್ರಸಂಗ ಬಂದರೆ ವಾಲ್ವ್ ಸೀಟನ್ನೂ ನೋಡಿಸು ತಮ್ಮಾ. 2000ದಲ್ಲಿ ಸೀಸದ ಪೆಟ್ರೋಲ್ ನಿಂತಿತು. ಈ ಹಳೇ ಹೆಡ್‌ಗಳ ಎಕ್ಸಾಸ್ಟ್ ಸೀಟು ಸೀಸ ಇದ್ದ ಕಾಲದ್ದು. ಟ್ಯಾಪೆಟ್ ಸಂದು (ವಾಲ್ವ್ ಮೇಲಿನ ಸಣ್ಣ ಅಂತರ) ಪದೇ ಪದೇ ಕಮ್ಮಿ ಆಗುತ್ತಿದ್ದರೆ ಸೀಟು ಒಳಗೆ ಇಳಿಯುತ್ತಿದೆ ಅಂತ ಅರ್ಥ. ಗಟ್ಟಿ ಸೀಟು ಹಾಕಿಸು. ಅದಾಗದೆ ಏನು ಹಾಕಿದರೂ ವೇಸ್ಟು.

ಮತ್ತೆ ಒಂದು ಮಾತು. ನಾನು ಬೇಡ ಅಂದಿದ್ದು ಹೊಸದು ಅಂತಲ್ಲ. ಈ ಗಾಡಿ ಹೊಳಲ್ಕೆರೆಯ ಹಳ್ಳಿಯಲ್ಲಿ ನಿಂತರೂ ಒಬ್ಬ ಹುಡುಗ ಸ್ಕ್ರೂಡ್ರೈವರ್ ಹಿಡಿದು ಓಡಿಸಿಬಿಡುತ್ತಿದ್ದ. ಸೆನ್ಸರ್ ಹೋದರೆ ಯಾರನ್ನು ಕೇಳುತ್ತೀಯಾ?

ದುರ್ಗದ ಕಲ್ಲು
ಅದಕ್ಕೇ ಎಲ್ಲ ಸೆನ್ಸರ್ ಮಾರುತಿಯದ್ದೇ ಹಾಕಿಸಿದೆ ಸಾರ್. ಯಾವ ತಾಲ್ಲೂಕಿನಲ್ಲೂ ಸಿಗುತ್ತೆ. ವೈರಿಂಗ್ ಚಿತ್ರ ಬರೆದು ಪ್ಲಾಸ್ಟಿಕ್ ಹಾಕಿಸಿ ಬಾನೆಟ್ ಒಳಗೆ ಅಂಟಿಸಿದ್ದೇನೆ, ಕನ್ನಡದಲ್ಲಿ. ನಾನಿಲ್ಲದಿದ್ದರೂ ಬೇರೆಯವರಿಗೆ ಗೊತ್ತಾಗಬೇಕು.

ಪಾಯಿಂಟ್ಸ್ ಗ್ಯಾಪ್
ಕನ್ನಡದಲ್ಲಿ ಬರೆದು ಅಂಟಿಸಿದ್ದು ಒಳ್ಳೇ ಕೆಲಸ. ಅದರ ಫೋಟೊ ಹಾಕು, ನೋಡಬೇಕು.

ಹದಡಿ ರೋಡ್ ಅಂಬಿ
ಎಲ್ಲರ ಮಾತೂ ಎರಡೆರಡು ಸಲ ಓದಿದೆ. ಹೀಗೆ ಮಾಡುತ್ತೇನೆ. ಈ ತಿಂಗಳು ಡೆಲ್ಕೊ ಬುಶ್, ಹೊಸ ಹೋಸು, ಬೇಕಲೈಟ್ ಪ್ಯಾಕಿಂಗ್. ಒಂದು ಬೇಸಿಗೆ ಹಾಗೇ ಓಡಿಸಿ ನೋಡುತ್ತೇನೆ. ಆರ್‌ಟಿಒಗೆ ಅರ್ಜಿ ನಾಳೆನೇ. ಉತ್ತರ ಬಂದ ಮೇಲೆ ಥ್ರಾಟಲ್ ಬಾಡಿ, ಎರಡು ಇಂಜೆಕ್ಟರ್, ಗಾಡಿಗೆ ತೂತು ಕೊರೆಯದೆ. ಬಿಚ್ಚಿದ ಸಾಮಾನಿಗೆ ಅಪ್ಪನ ಅಂಗಡಿಯ ಕಬ್ಬಿಣದ ಪೆಟ್ಟಿಗೆ ಇದೆ.

ಇವತ್ತು ಸಂಜೆ ಡೆಲ್ಕೊ ಮುಚ್ಚಳ ತೆಗೆದು ಶಾಫ್ಟ್ ಹಿಡಿದು ನೋಡಿದೆ. ಗ್ಯಾಪ್ ಸಾರ್, ನೀವು ಹೇಳಿದ ಹಾಗೇ ಕಟಕಟ ಆಡುತ್ತೆ.

ಪಾಯಿಂಟ್ಸ್ ಗ್ಯಾಪ್
ಬಿಚ್ಚೋ ಮೊದಲು ರೋಟರ್ ಯಾವ ಕಡೆ ಮುಖ ಮಾಡಿದೆ ಅಂತ ಸುಣ್ಣದಲ್ಲಿ ಗುರುತು ಹಾಕು. ಭಾನುವಾರ ಹರಿಹರಕ್ಕೆ ತಗೊಂಡು ಬಾ, ಬುಶ್ ನಾನೇ ಹಾಕಿಕೊಡುತ್ತೇನೆ.

ಹರಿಹರ ಲೇತ್
ಬರುವಾಗ ಕಾರ್ಬೊರೇಟರ್ ಗ್ಯಾಸ್ಕೆಟ್ ಒಂದು ಜೇಬಲ್ಲಿ ಹಾಕಿಕೊಂಡು ಬನ್ನಿ, ಅಳತೆ ತೆಗೆದಿಟ್ಟುಕೊಳ್ಳುತ್ತೇನೆ.